ಏನಿಲ್ಲ ಎಂಬ ಮಾತು ಮತ್ತು ಕೆನ್ನೆಯೊಳಗಿನ ಗಂಟು

ಎಡಗೆನ್ನೆಯ ಒಳಭಾಗದಲ್ಲಿ, ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳು ಕೂಡುವ ಗೆರೆಯ ಮೇಲೆಯೇ ನನಗೊಂದು ಗಂಟು ಇತ್ತು. ಮೊದಲು ಗಮನಕ್ಕೆ ಬಂದಾಗ ಉದ್ದಿನಕಾಳಿನಷ್ಟಿತ್ತು, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಕಡಲೆಕಾಳಿನಷ್ಟಾಯಿತು. ನೋವಿರಲಿಲ್ಲ, ಉರಿ ಇರಲಿಲ್ಲ, ಹಲ್ಲುಜ್ಜುವಾಗ ರಕ್ತವೂ ಬರುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ಕೆನ್ನೆಯನ್ನು ಬೆರಳಿನಿಂದ ಹೊರಳಿಸಿ ನೋಡಿದರೆ ಸುತ್ತಲಿನ ಒಳಚರ್ಮದ ಬಣ್ಣವೇ ಅದಕ್ಕೂ ಇತ್ತು. ಹಲ್ಲು ತಾಗುವ ತುದಿ ಮಾತ್ರ ಸ್ವಲ್ಪ ಬೆಳ್ಳಗಾಗಿತ್ತು. ಕಣ್ಣಿಗೆ ಅಷ್ಟೇ ಆಗಿದ್ದ ಅದು ನಾಲಿಗೆಗೆ ನೆಲ್ಲಿಕಾಯಿಯಷ್ಟು ದೊಡ್ಡದಾಗಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕ ಕೊತ್ತಂಬರಿ ದಂಟನ್ನೂ ಸೌದೆಯಷ್ಟು ಮಾಡಿ ಹೇಳುವ ನಾಲಿಗೆ, ನಾನು ಕರಡು ತಿದ್ದುತ್ತ ಕುಳಿತಿರುವಾಗಲೂ ಮೆಟ್ರೋದಲ್ಲಿ ನಿಂತಿರುವಾಗಲೂ ಅಪ್ಪಣೆ ಕೇಳದೆ ಅಲ್ಲಿಗೆ ಹೋಗಿ ಬರುತ್ತಿತ್ತು. ಊಟದ ನಡುವೆ ಆಗಾಗ ಅದನ್ನೇ ಕಚ್ಚಿಕೊಳ್ಳುತ್ತಿದ್ದೆ. ಆಗೆಲ್ಲ ಅಮ್ಮ, "ಯಾರೋ ನಿನ್ನ ಬೈಕೊಳ್ತಿದಾರೆ ನೋಡು" ಎನ್ನುತ್ತಿದ್ದಳು. ಕಚ್ಚಿದ್ದು ಊದಿಕೊಳ್ಳುತ್ತಿತ್ತು, ಊದಿದ್ದು ಮತ್ತೆ ಹಲ್ಲಿಗೆ ಸಿಗುತ್ತಿತ್ತು.

ಕೊನೆಗೆ ಒಂದು ಕ್ಲಿನಿಕ್ಕಿಗೆ ಹೋಗಿ ತೋರಿಸಿದೆ. ಅಲ್ಲಿನ ವೈದ್ಯರು ಬಾಯಿ ನೋಡುವ ಪುಟ್ಟ ಕನ್ನಡಿಯಿಂದ ಕೆನ್ನೆಯನ್ನು ಸರಿಸಿ ಒಂದು ಕ್ಷಣ ನೋಡಿ, "ಏನಿಲ್ಲ ಮೇಡಂ ಇದು, ತೆಗೆದುಬಿಡೋಣ" ಎಂದರು. ಆ ಮಾತು ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ ಬೇರೇನನ್ನೂ ಕೇಳಬೇಕೆನಿಸಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕತ್ತರಿಸಿ, ಎರಡು ಹೊಲಿಗೆ ಹಾಕಿ ಇಪ್ಪತ್ತು ನಿಮಿಷದಲ್ಲಿ ಕಳಿಸಿಕೊಟ್ಟರು. ಕತ್ತರಿಸಿ ತೆಗೆದದ್ದು ರಕ್ತದ ಹತ್ತಿಯ ಜೊತೆ ಸ್ಟೀಲ್ ತಟ್ಟೆಯಲ್ಲಿ ಬಿದ್ದಿತ್ತು. ಅದನ್ನು ಪರೀಕ್ಷೆಗೆ ಕಳಿಸುವುದಿಲ್ಲವೇ ಎಂದು ಕೇಳಬೇಕೆಂದುಕೊಂಡೆ. ಮರಗಟ್ಟಿದ ತುಟಿಯಿಂದ ಮಾತು ಹೊರಡುವ ಮೊದಲೇ ಸಹಾಯಕಿ ತಟ್ಟೆಯನ್ನು ಎತ್ತಿಕೊಂಡು ಹೋಗಿಯಾಗಿತ್ತು. ಹನ್ನೊಂದು ತಿಂಗಳ ನಂತರ ಒಂದು ಬೆಳಿಗ್ಗೆ ಅದೇ ಜಾಗದಲ್ಲಿ, ಹೊಲಿಗೆಯ ಗುರುತಿನ ಮೇಲೆಯೇ, ನಾಲಿಗೆಗೆ ಮತ್ತೆ ಒಂದು ಉದ್ದಿನಕಾಳು ಸಿಕ್ಕಿತು.

ಏನೂ ಇಲ್ಲದ್ದು ಮತ್ತೆ ಹೇಗೆ ಬಂತು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಕಳೆದ ಕೆಲವು ತಿಂಗಳುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಈಗ ಅದರ ಹೆಸರು ಗೊತ್ತಿದೆ, ಅದು ಬಂದ ಕಾರಣ ಗೊತ್ತಿದೆ, ಅದರಿಂದ ಪ್ರಾಣಕ್ಕೆ ಅಪಾಯವಿರಲಿಲ್ಲ ಎಂಬುದೂ ಗೊತ್ತಿದೆ. ಆದರೂ "ಏನಿಲ್ಲ" ಎಂಬ ಮಾತನ್ನು ಯಾರಾದರೂ ಸಲೀಸಾಗಿ ಆಡಿದರೆ ಇಂದಿಗೂ ನನ್ನ ಮನಸ್ಸು ಒಮ್ಮೆ ಹಿಂದೆ ಸರಿಯುತ್ತದೆ. ನೋಡಿ ಹೇಳಿದ "ಏನಿಲ್ಲ"ಕ್ಕೂ ನೋಡದೆ ಹೇಳಿದ "ಏನಿಲ್ಲ"ಕ್ಕೂ ಕೇಳುವವರ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ತೊಂದರೆಯೆಲ್ಲ ಅಲ್ಲಿಯೇ ಇದೆ.

ಗಡ್ಡೆ, ಗಂಟು, ದುರ್ಮಾಂಸ

ಕನ್ನಡದಲ್ಲಿ ದೇಹದೊಳಗೆ ಬೆಳೆಯುವ ಹೆಚ್ಚುವರಿ ಮಾಂಸಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಗುಳ್ಳೆ, ಕುರು, ಬಾವು, ಗಂಟು, ಗಡ್ಡೆ, ನರಹುಲಿ ಎಲ್ಲವೂ ಇವೆ. ಆದರೆ ಇವು ಯಾವುವೂ ಅಪಾಯದ್ದು ಯಾವುದು, ಅಪಾಯವಿಲ್ಲದ್ದು ಯಾವುದು ಎಂದು ಬೇರ್ಪಡಿಸುವುದಿಲ್ಲ. ಗಡ್ಡೆ ಎಂದರೆ ನೆಲದೊಳಗಿನ ಗೆಡ್ಡೆ-ಗೆಣಸಿನ ನೆನಪಾಗಬೇಕು, ಆಸ್ಪತ್ರೆಯ ಆವರಣದಲ್ಲಿ ಮಾತ್ರ ಆ ಶಬ್ದ ಕೇಳಿದರೆ ಕೈಕಾಲು ತಣ್ಣಗಾಗುತ್ತದೆ. ಮೂಗಿನಲ್ಲಿ ಬೆಳೆದದ್ದಕ್ಕೆ, ವಸಡಿನಲ್ಲಿ ಬೆಳೆದದ್ದಕ್ಕೆ ಹಳಬರು "ದುರ್ಮಾಂಸ" ಎನ್ನುತ್ತಾರೆ. ಅದರಲ್ಲಿ ಎಷ್ಟೋ ದುರ್ಮಾಂಸಗಳು ಯಾವ ಕೇಡನ್ನೂ ಮಾಡದವು, ಹೆಸರಿನಲ್ಲೇ ಅವುಗಳಿಗೆ ಕೆಟ್ಟ ಪಟ್ಟ ಕಟ್ಟಿಯಾಗಿದೆ. ಚರ್ಮದಡಿಯ ಕೊಬ್ಬಿನ ಉಂಡೆಗೆ ಮಾತ್ರ ನಾವು "ಕೊಬ್ಬಿನ ಗಂಟು" ಎಂಬ ನೆಮ್ಮದಿಯ ಹೆಸರು ಕೊಟ್ಟಿದ್ದೇವೆ, ಹಾಗಾಗಿ ಅದನ್ನು ಕಂಡು ಯಾರೂ ಹೆದರುವುದಿಲ್ಲ. ನನ್ನ ಕೆನ್ನೆಯದಕ್ಕೂ ಅಂಥದ್ದೊಂದು ಹೆಸರು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವೈದ್ಯರು ಅದನ್ನು ಫೈಬ್ರೋಮಾ ಎನ್ನುತ್ತಾರೆ. ನಾರಿನಿಂದಾದ ಗಂಟು ಎಂದರ್ಥ. ನಾರುಗಂಟು ಎಂದರೆ ತಪ್ಪಾಗಲಾರದು.

ಹೆಸರಿಲ್ಲದ ಕಾರಣಕ್ಕೆ ಏನಾಗುತ್ತದೆಂದರೆ ಬಾಯಿಯೊಳಗೆ ಏನಾದರೂ ಕಾಣಿಸಿಕೊಂಡವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ಅದು ಆ ಕಾಯಿಲೆಯೇ ಎಂದು ನಿಶ್ಚಯಿಸಿಕೊಂಡು ಯಾರಿಗೂ ತೋರಿಸದೆ ಕೂರುತ್ತಾರೆ, ತೋರಿಸಿದರೆ ನಿಜವಾಗಿಬಿಡುತ್ತದೆ ಎಂಬಂತೆ. ಇನ್ನು ಕೆಲವರು ಉಷ್ಣಕ್ಕೆ ಆಗಿರಬೇಕು ಎಂದು ಮಜ್ಜಿಗೆ ಕುಡಿಯುತ್ತ ವರ್ಷಗಟ್ಟಲೆ ಬಿಡುತ್ತಾರೆ. ನನ್ನ ದೊಡ್ಡಮ್ಮ ಫೋನಿನಲ್ಲಿ, ಗಂಟಿನ ಬುಡಕ್ಕೆ ರೇಷ್ಮೆ ದಾರ ಬಿಗಿದರೆ ತಾನೇ ಉದುರುತ್ತದೆ, ನರಹುಲಿಗೆ ಕುದುರೆ ಕೂದಲು ಕಟ್ಟುತ್ತಿರಲಿಲ್ಲವೇ ಎಂದಳು. ಪ್ರೀತಿಯಿಂದಲೇ ಹೇಳಿದ್ದು. ನಾನು ಆ ಮೂರೂ ದಾರಿಗಳ ನಡುವೆ ನಾಲ್ಕು ತಿಂಗಳು ಓಡಾಡಿದೆ. ಮೊದಲ ಬಾರಿ ತೆಗೆದದ್ದರ ವರದಿ ಒಂದು ಕೈಯಲ್ಲಿದ್ದಿದ್ದರೆ ಈ ಓಡಾಟ ಬೇಕಿರಲಿಲ್ಲ.

ಹೆದರಿಕೆಗೆ ನನ್ನಲ್ಲಿ ಇನ್ನೊಂದು ಕಾರಣವೂ ಇತ್ತು.

ಮಾವನ ಬಾಯಿ

ತೀರ್ಥಹಳ್ಳಿಯ ಕಡೆಯ ನನ್ನ ಸೋದರಮಾವ ಅಡಿಕೆ ತೋಟದವರು. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಜನ ಕೂತು ಅಡಿಕೆ ಸುಲಿಯುತ್ತಿದ್ದರೆ ಮಾವನ ಕೆನ್ನೆಯಲ್ಲಿ ಸದಾ ಒಂದು ಹೋಳು ಇರುತ್ತಿತ್ತು. ತಂಬಾಕು ಮುಟ್ಟಿದವರಲ್ಲ, ಅದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು. ನಾನು ಕಾಲೇಜಿನಲ್ಲಿದ್ದ ವರ್ಷ ರಜೆಗೆಂದು ಹೋದಾಗ ಅತ್ತೆ ಕೊಟ್ಟೆ ಕಡುಬನ್ನು ಅವರೊಬ್ಬರಿಗೆ ಮಾತ್ರ ಸಣ್ಣ ಸಣ್ಣ ಚೂರು ಮಾಡಿ ಬಡಿಸುತ್ತಿದ್ದುದನ್ನು ಕಂಡೆ. ಮಾವನ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುತ್ತಿರಲಿಲ್ಲ. ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಣಿಪಾಲಕ್ಕೆ ಹೋಗಿ ತೋರಿಸಿದ ಮೇಲೆ ತಿಳಿದದ್ದು, ಅದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. 1953ರಲ್ಲಿ ಮುಂಬಯಿಯ ವೈದ್ಯ ಜೋಶಿಯವರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರಿನಿಂದ ವರ್ಣಿಸಿದ, ಅಡಿಕೆ ಜಗಿಯುವ ನಮ್ಮಂಥ ನಾಡುಗಳಲ್ಲೇ ಹೆಚ್ಚಾಗಿ ಕಾಣುವ ಕಾಯಿಲೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಸಾಯನ ಬಾಯಿಯ ಒಳಪದರದ ಅಡಿಯ ಜೀವಕೋಶಗಳನ್ನು ಕೆರಳಿಸುತ್ತದೆ, ನಾರು ಮಿತಿಮೀರಿ ತಯಾರಾಗುತ್ತದೆ, ತಯಾರಾದದ್ದು ಕರಗುವುದು ಕಡಿಮೆಯಾಗುತ್ತದೆ. ಕೆನ್ನೆ ತೊಗಲಿನ ಚೀಲದಂತೆ ಬಿಗಿಯುತ್ತದೆ. ಅದು ಕ್ಯಾನ್ಸರ್ ಅಲ್ಲದಿದ್ದರೂ ಅದರಲ್ಲಿ ಒಂದು ಪಾಲು ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ತಂಬಾಕು ಸೇರದ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು 2004ರಲ್ಲಿ ಪ್ರಕಟಿಸಿತು. ಅಡಿಕೆ ದೇಶದಲ್ಲೇ ಅತಿ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಅಡಿಕೆಯಿಂದ ಓದಿದವರು, ಅಡಿಕೆಯಿಂದ ಮದುವೆಯಾದವರು ನಾವು. ಅಡಿಕೆಯೇ ಕಾಯಿಲೆ ತಂದಿತೆಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಮಾವ ಅಡಿಕೆ ಬಿಟ್ಟರು. ಬಿಟ್ಟ ಮೇಲೆ ಉರಿ ಕಡಿಮೆಯಾಯಿತು, ಬಾಯಿ ಮಾತ್ರ ಹಿಂದಿನಷ್ಟು ತೆರೆಯಲಿಲ್ಲ. ಅವರು ವರ್ಷಕ್ಕೆರಡು ಸಲ ತಪಾಸಣೆಗೆ ಹೋಗುತ್ತಿದ್ದರು ಮತ್ತು ಕೊನೆಯವರೆಗೂ ಅದು ಬೇರೆ ಏನಕ್ಕೂ ತಿರುಗಲಿಲ್ಲ. ಆದರೆ "ಫೈಬ್ರೋಸಿಸ್" ಎಂಬ ಶಬ್ದ ನನ್ನ ತಲೆಯಲ್ಲಿ ಆ ಚೂರು ಮಾಡಿದ ಕಡುಬಿನ ಜೊತೆ ಅಂಟಿಕೊಂಡುಬಿಟ್ಟಿತ್ತು. ಎರಡನೆಯ ವೈದ್ಯೆ ನನ್ನ ಗಂಟನ್ನು ಮುಟ್ಟಿ ನೋಡಿ "ಫೈಬ್ರೋಮಾ ಇರಬಹುದು" ಎಂದಾಗ ನನಗೆ ಕೇಳಿಸಿದ್ದು ಮಾವನ ಕಾಯಿಲೆಯ ಹೆಸರೇ.

ಹಲ್ಲಿನ ಅಂಚು

ಈ ಎರಡನೆಯ ವೈದ್ಯೆ ಬಾಯಿ ನೋಡಿದ ರೀತಿಯನ್ನು ನಾನು ಮರೆಯುವುದಿಲ್ಲ. ಮೊದಲು ಗಂಟನ್ನು ನೋಡಲೇ ಇಲ್ಲ. ತುಟಿಗಳ ಒಳಭಾಗ, ಎರಡೂ ಕೆನ್ನೆ, ಅಂಗುಳ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಅದರ ಎರಡು ಪಕ್ಕ, ನಾಲಿಗೆಯ ಅಡಿ, ಆಮೇಲೆ ದವಡೆಯ ಕೆಳಗೆ ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಗಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅದರ ಬುಡ ಎಷ್ಟು ಅಗಲವಿದೆ, ಅಡಿಗೆ ಅಂಟಿಕೊಂಡಿದೆಯೇ, ಗಟ್ಟಿಯೇ ಮೆದುವೇ ಎಂದು ನೋಡಿದರು. "ಕಚ್ಚಿಕೊಳ್ತೀರಾ?" ಎಂದು ಕೇಳಿದರು. ಹೌದೆಂದೆ. ಅವರು ಸಲಾಕೆಯನ್ನು ಮೇಲಿನ ಎಡ ದವಡೆ ಹಲ್ಲಿನ ಹೊರಬದಿಗೆ ಒಯ್ದು ಅಲ್ಲೇ ನಿಲ್ಲಿಸಿ, ನನ್ನ ಕೈಗೆ ಕನ್ನಡಿ ಕೊಟ್ಟು, "ಇಲ್ಲಿ ನಾಲಿಗೆ ಇಟ್ಟು ನೋಡಿ" ಎಂದರು. ಎಂದೋ ತುಂಬಿಸಿದ್ದ ಸಿಮೆಂಟಿನ ಪಕ್ಕದಲ್ಲಿ ಹಲ್ಲಿನ ಒಂದು ಮೂಲೆ ಮುರಿದು ಚೂಪಾಗಿತ್ತು. ಎರಡು ವರ್ಷದಿಂದ ಗಂಟಿನ ಮೇಲೆಯೇ ಓಡಾಡುತ್ತಿದ್ದ ನನ್ನ ನಾಲಿಗೆ ಅದರಿಂದ ಅರ್ಧ ಅಂಗುಲ ದೂರದಲ್ಲಿದ್ದ ಆ ಅಂಚನ್ನು ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಬಾಯಿಯ ಒಳಗೋಡೆಯಲ್ಲಿ ಎರಡು ಪದರಗಳಿವೆ. ಮೇಲಿನದು ತೆಳ್ಳಗಿನ ಹೊದಿಕೆ. ಬಾಯಿಯ ಕ್ಯಾನ್ಸರ್‌ಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಹುಟ್ಟುವುದು ಆ ಹೊದಿಕೆಯ ಜೀವಕೋಶಗಳಲ್ಲಿ. ಅದರ ಅಡಿಯಲ್ಲಿರುವುದು ಸಂಯೋಜಕ ಅಂಗಾಂಶ, ಅಂದರೆ ನಾರು, ರಕ್ತನಾಳ, ನರ, ಕೊಬ್ಬು ಎಲ್ಲವನ್ನೂ ಹಿಡಿದು ಕಟ್ಟಿಟ್ಟಿರುವ ಪದರ. ಹಲ್ಲಿನ ಅಂಚು ಒಂದು ಜಾಗವನ್ನು ಮತ್ತೆ ಮತ್ತೆ ಕೆರೆದರೆ ಅಲ್ಲಿ ಪ್ರತಿ ಸಲವೂ ಗಾಯ ಮಾಯಿಸುವ ಕೆಲಸ ಶುರುವಾಗುತ್ತದೆ, ಅಡಿಯ ಪದರದ ಕೋಶಗಳು ಕೊಲಾಜೆನ್ ನಾರನ್ನು ನೇಯುತ್ತವೆ. ಕೆರೆತ ನಿಲ್ಲದಿದ್ದರೆ ನೇಯ್ಗೆಯೂ ನಿಲ್ಲುವುದಿಲ್ಲ. ಹೀಗೆ ಕೂಡಿಬಿದ್ದ ನಾರೇ ಫೈಬ್ರೋಮಾ. ಹೆಸರಿನ ಕೊನೆಯಲ್ಲಿ ಗಡ್ಡೆಗಳಿಗಿರುವ ಪ್ರತ್ಯಯವಿದ್ದರೂ ಹೆಚ್ಚಿನ ಮಟ್ಟಿಗೆ ಅದು ನಿಜವಾದ ಗಡ್ಡೆಯಲ್ಲ, ಗಾಯದ ಕಲೆ ಎತ್ತರಕ್ಕೆ ಬೆಳೆದದ್ದು. ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಾಗುವುದಿಲ್ಲ, ಕ್ಯಾನ್ಸರಿಗೆ ತಿರುಗುವುದಿಲ್ಲ, ತಾನಾಗಿ ಕರಗುವುದೂ ಇಲ್ಲ. ಪೂರ್ತಿ ತೆಗೆದು ಕಾರಣವನ್ನೂ ತೆಗೆದರೆ ಮರಳಿ ಬರುವುದು ಅಪರೂಪ. ಮೊದಲ ಬಾರಿ ನನ್ನ ಗಂಟನ್ನು ತೆಗೆದರು, ಹಲ್ಲನ್ನು ಹಾಗೇ ಬಿಟ್ಟರು.

ಮಾವನ ಕೆನ್ನೆಯಲ್ಲಿ ಸೇರಿಕೊಂಡದ್ದೂ ಇದೇ ಕೊಲಾಜೆನ್ ನಾರೇ ಎಂದು ತಿಳಿದಾಗ ನನಗೆ ಬಹಳ ಹೊತ್ತು ಬೇರೆ ಮಾತು ಕೇಳಿಸಲಿಲ್ಲ. ಒಂದೇ ಪದರ, ಒಂದೇ ನಾರು. ಒಂದು ಕಡೆ ಹಲ್ಲಿನ ಚೂಪಿಗೆ ಉತ್ತರವಾಗಿ ಒಂದು ಕಾಳಿನಷ್ಟು ಜಾಗದಲ್ಲಿ ಉಂಡೆಗಟ್ಟಿ ನಿಂತಿತು. ಇನ್ನೊಂದು ಕಡೆ ಅಡಿಕೆಯ ರಸ ಹರಿದಲ್ಲೆಲ್ಲ ಹರಡಿ ಮೇಲಿನ ಹೊದಿಕೆಯನ್ನೂ ಸೊರಗಿಸಿ ಅಪಾಯಕ್ಕೆ ದಾರಿ ಮಾಡಿತು. ಕನ್ನಡಿಯಲ್ಲಿ ನೋಡಿಕೊಂಡು ಈ ವ್ಯತ್ಯಾಸವನ್ನು ನಾನಾಗಿ ಕಂಡುಹಿಡಿಯುವುದು ಸಾಧ್ಯವೇ ಇರಲಿಲ್ಲ.

ಬಾಟಲಿ

ಕತ್ತರಿಸುವ ದಿನ ವೈದ್ಯೆ ಮೊದಲೇ ಹೇಳಿದರು: "ನೋಡೋಕೆ ಏನಿಲ್ಲ ಅಂತ ಅನ್ನಿಸತ್ತೆ. ಆದ್ರೆ ಲ್ಯಾಬಿಗೆ ಕಳಿಸದೆ ನಾನು ಹಾಗೆ ಹೇಳಲ್ಲ." ತೆಗೆದದ್ದನ್ನು ಬಿಳಿ ಗಾಜ್ ಬಟ್ಟೆಯ ಮೇಲಿಟ್ಟು ನನಗೆ ತೋರಿಸಿದರು. ನಾಲಿಗೆಗೆ ನೆಲ್ಲಿಕಾಯಿಯಾಗಿದ್ದುದು ಹೊರಗೆ ಬಂದಾಗ ನೆನೆಸಿ ಸಿಪ್ಪೆ ತೆಗೆದ ಕಡಲೆಕಾಳಿನ ಹಾಗಿತ್ತು, ಬಿಳಿಚಿಕೊಂಡು, ಅದುಮಿದರೆ ರಬ್ಬರಿನಂತೆ ಮತ್ತೆ ಎದ್ದು ನಿಲ್ಲುವಂತೆ. ಅದನ್ನು ಮಾಂಸ ಕೆಡದಂತೆ ಕಾಯುವ ಹತ್ತು ಪರ್ಸೆಂಟ್ ಫಾರ್ಮಲಿನ್ ದ್ರವ ತುಂಬಿದ ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಹಾಕಿದರು. ಮಾಂಸದ ಹತ್ತು-ಇಪ್ಪತ್ತು ಪಾಲಿನಷ್ಟು ದ್ರವವಿರಬೇಕಂತೆ. ನೀರಿನಲ್ಲೋ ಸಲೈನಿನಲ್ಲೋ ಹಾಕಿಟ್ಟರೆ ಕೋಶಗಳು ಹಾಳಾಗಿ ಪರೀಕ್ಷೆಗೆ ಬಾರದಂತಾಗುತ್ತವೆ. ಬಾಟಲಿಯ ಮೇಲೆ ನನ್ನ ಹೆಸರು, ವಯಸ್ಸು, "ಎಡ ಕೆನ್ನೆ" ಎಂದು ಬರೆದ ಪಟ್ಟಿ ಅಂಟಿಸಿದರು. ನಮ್ಮ ಕಡೆಯ ಒಂದು ದಂತ ವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಅದನ್ನು ತಲುಪಿಸಬೇಕಿತ್ತು. ಕ್ಲಿನಿಕ್ಕಿನ ಹುಡುಗ ಅಂದು ಬಂದಿರಲಿಲ್ಲವಾದ್ದರಿಂದ ನಾನೇ ಒಯ್ಯುತ್ತೇನೆಂದೆ.

ಬಾಯಿಯೊಳಗೆ ಹತ್ತಿ ಕಚ್ಚಿಕೊಂಡು, ನನ್ನದೇ ಒಂದು ತುಣುಕನ್ನು ಕೈಚೀಲದಲ್ಲಿ ಇಟ್ಟುಕೊಂಡು ಆಟೋದಲ್ಲಿ ಹೋದೆ. ಗಾಂಧಿ ಬಜಾರಿನ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ಬಾಟಲಿಯನ್ನು ಹೊರತೆಗೆದು ಬೆಳಕಿಗೆ ಹಿಡಿದೆ. ತುಣುಕು ತಳದಲ್ಲಿ ಕುಳಿತಿತ್ತು. ಅದು ತಳದಲ್ಲೇ ಇರುವುದಕ್ಕೂ ಅರ್ಥವಿದೆ ಎಂದು ಆಮೇಲೆ ತಿಳಿಯಿತು: ಬಾಯಿಯಲ್ಲೂ ಕೊಬ್ಬಿನ ಗಂಟು ಬರುತ್ತದೆ, ಹಳದಿ ಛಾಯೆಯ ಮೆತ್ತಗಿನ ಗಂಟು, ಅದನ್ನು ಫಾರ್ಮಲಿನ್ನಿಗೆ ಹಾಕಿದರೆ ತೇಲುತ್ತದೆ. ಆ ದಿನ ಅದೆಲ್ಲ ಗೊತ್ತಿರಲಿಲ್ಲ. ಎರಡು ವರ್ಷ ನನ್ನನ್ನು ಕಾಡಿದ್ದು ಇಷ್ಟೇ ಏನು ಎಂದು ನೋಡುತ್ತಲೇ ಇದ್ದೆ. ಹಿಂದಿನ ಸಲ ತಟ್ಟೆಯಲ್ಲಿ ಹೊರಟುಹೋದದ್ದರ ಬಗ್ಗೆ ನನಗೆ ನಿಜವಾದ ಸಿಟ್ಟು ಬಂದದ್ದು ಆಗಲೇ. ಅದೂ ಹೀಗೆಯೇ ಒಂದು ಬಾಟಲಿಗೆ ಬಿದ್ದಿದ್ದರೆ ನನಗೆ ಒಂದು ಹಾಳೆಯ ಮೇಲೆ ಉತ್ತರ ಸಿಗುತ್ತಿತ್ತು. ನೂರಕ್ಕೆ ತೊಂಬತ್ತು ಸಲ ಕಣ್ಣಂದಾಜು ಸರಿಯೇ ಆಗುತ್ತದೆಂದು ಇಟ್ಟುಕೊಂಡರೂ ಉಳಿದ ಹತ್ತರಲ್ಲಿ ತಾನಿದ್ದೇನೆಯೋ ಇಲ್ಲವೋ ಎಂಬುದು ರೋಗಿಗೆ ಗೊತ್ತಾಗುವುದು ಹೇಗೆ?

ಎಂಟು ದಿನದ ನಂತರ ಹೊಲಿಗೆ ಬಿಚ್ಚಿಸಿಕೊಂಡು ವರದಿ ತರಲು ಹೋದೆ. ಅಲ್ಲಿ ಸ್ನಾತಕೋತ್ತರ ಓದುತ್ತಿದ್ದ ಹುಡುಗಿಯೊಬ್ಬಳು ವರದಿ ಕೊಡುತ್ತ, ನಾನು ಅದನ್ನು ಎರಡೆರಡು ಸಲ ಓದುವುದನ್ನು ನೋಡಿ, "ನೋಡ್ತೀರಾ ಆಂಟಿ?" ಎಂದು ಸೂಕ್ಷ್ಮದರ್ಶಕದ ಬಳಿ ಕೂರಿಸಿದಳು. ತುಣುಕನ್ನು ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರನ್ನು ಇನ್ನೂರು ಭಾಗ ಮಾಡಿದರೆ ಬರುವಷ್ಟು ತೆಳ್ಳಗೆ ಹೆರೆದು, ಗಾಜಿನ ಮೇಲೆ ಹಾಸಿ, ಎರಡು ಬಣ್ಣ ಹಾಕಿರುತ್ತಾರೆ. ಕೋಶಕೇಂದ್ರಗಳಿಗೆ ನೀಲಿ, ಉಳಿದದ್ದಕ್ಕೆ ಗುಲಾಬಿ. ನೀಲಿಯ ಬಣ್ಣ ಒಂದು ಮರದ ತಿರುಳಿನಿಂದ ಬರುತ್ತದೆ ಎಂದಳು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಂಡದ್ದು ದಟ್ಟ ಗುಲಾಬಿ ನಾರಿನ ಕಂತೆಗಳು, ಒಂದು ಅತ್ತ ಒಂದು ಇತ್ತ ಹೊರಳಿ, ಬಾಚಿ ಬಿಟ್ಟ ಕೂದಲ ಸಿಕ್ಕುಗಳ ಹಾಗೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ತೆಳುವಾದ ನೀಲಿ ಗೀರು. ಆ ಗೀರುಗಳೇ ನಾರು ನೇಯುವ ಕೋಶಗಳಂತೆ. ಮೇಲ್ಗಡೆ ಸೀರೆಯ ಅಂಚಿನಂತೆ ಒಂದು ಪಟ್ಟಿ ಹೋಗಿತ್ತು. "ಇದು ಮೇಲಿನ ಹೊದಿಕೆ. ನಾವು ಮುಖ್ಯವಾಗಿ ನೋಡೋದು ಇದನ್ನ. ಇಲ್ಲಿ ಎಲ್ಲ ಸಾಲಾಗಿದೆ ನೋಡಿ, ಯಾವುದೂ ಕೆಳಗೆ ಇಳಿದಿಲ್ಲ" ಎಂದಳು. ವರದಿಯ ಕೊನೆಯಲ್ಲಿ, ಪರೀಕ್ಷಿಸಿದ ಭಾಗದಲ್ಲಿ ಕ್ಯಾನ್ಸರಿನ ಲಕ್ಷಣವಿಲ್ಲ ಎಂದಿತ್ತು. "ಪರೀಕ್ಷಿಸಿದ ಭಾಗದಲ್ಲಿ" ಎಂಬ ಆ ಎರಡು ಪದಗಳ ಮೇಲೆ ನನಗೆ ಗೌರವ ಹುಟ್ಟಿತು. ಕಂಡಷ್ಟನ್ನೇ ಹೇಳಿ ಅಲ್ಲಿಗೆ ನಿಲ್ಲುವ ವಾಕ್ಯ, ದಿನವಿಡೀ ವಾಕ್ಯ ತಿದ್ದುವ ನನಗೆ, ಅಪರೂಪಕ್ಕೆ ಸಿಗುವಂಥದ್ದು.

ಆ ವಾರವೇ ವೈದ್ಯೆ ಮುರಿದ ಹಲ್ಲಿನ ಅಂಚನ್ನು ನಯಮಾಡಿ ಅದರ ಮೇಲೆ ಕ್ಯಾಪ್ ಹಾಕಿದರು.

ಕೇಳಿಸಿಕೊಂಡ ಬೇರೆ ಗಂಟುಗಳು

ಒಮ್ಮೆ ಬಾಯಿ ಬಿಟ್ಟು ಹೇಳಿಕೊಂಡ ಮೇಲೆ ಸುತ್ತಲಿನವರೂ ಹೇಳತೊಡಗಿದರು. ತಮ್ಮನ ಹೆಂಡತಿಗೆ ಆರು ತಿಂಗಳಾಗಿದ್ದಾಗ ಮುಂದಿನ ಎರಡು ಹಲ್ಲುಗಳ ಸಂದಿಯ ವಸಡಿನಲ್ಲಿ ಕೆಂಪಗೆ ಒಂದು ಗುಂಡು ಎದ್ದಿತ್ತು. ಬ್ರಷ್ ತಾಗಿದರೆ ಸಾಕು ರಕ್ತ. ಬೆಳಿಗ್ಗೆ ದಿಂಬಿನ ಮೇಲೆ ಕಲೆ ಕಂಡು ಅವಳು ಮಗುವಿಗೇ ಏನೋ ಆಯಿತೆಂದು ಅತ್ತಿದ್ದಳಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಪಯೋಜೆನಿಕ್ ಗ್ರಾನ್ಯುಲೋಮಾ ಎಂಬ ಹೆಸರಿದೆ. ಕೀವು ಹುಟ್ಟಿಸುವುದು ಎಂಬ ಅರ್ಥ ಆ ಹೆಸರಿನಲ್ಲಿದ್ದರೂ ಅದರಲ್ಲಿ ಕೀವೂ ಇಲ್ಲ, ಅದು ಗ್ರಾನ್ಯುಲೋಮಾ, ಅಂದರೆ ಉರಿಯೂತದ ಕೋಶಗಳು ಗುಂಪುಗೂಡಿದ ಗಂಟು, ಕೂಡ ಅಲ್ಲ. ಪುಟ್ಟ ಪುಟ್ಟ ರಕ್ತನಾಳಗಳ ಗೊಂಚಲು. 1904ರಲ್ಲಿ ಬಿದ್ದ ತಪ್ಪು ಹೆಸರು ಇಂದಿಗೂ ಉಳಿದುಬಂದಿದೆ. ಬಸುರಿಯ ದೇಹದಲ್ಲಿ ಏರುವ ಹಾರ್ಮೋನು ಮತ್ತು ಹಲ್ಲಿನ ಬುಡದ ಕೊಳೆ ಎರಡೂ ಸೇರಿದಾಗ ವಸಡು ಹೀಗೆ ಉಕ್ಕುತ್ತದೆ. ಹಲ್ಲು ಸ್ವಚ್ಛ ಮಾಡಿಸಿ ಕಾಯೋಣ ಎಂದರು ವೈದ್ಯರು. ಹೆರಿಗೆಯಾದ ಮೇಲೆ ಅದು ತಾನಾಗಿ ಕುಗ್ಗಿತು. ಬಾಣಂತನಕ್ಕೆ ಬಂದ ಅಜ್ಜಿಯರು ಇದನ್ನು ಎಷ್ಟು ಕಂಡಿರುತ್ತಾರೋ, ಮಾತಿಗೆ ಮಾತ್ರ ಬರುವುದಿಲ್ಲ.

ಪಕ್ಕದ ಮನೆಯ ಮೇಷ್ಟರಿಗೆ ವಸಡು ಹಲ್ಲಿನ ಮೇಲೆ ಏರಿ ಬರುತ್ತಿತ್ತು. ಬಿ.ಪಿ.ಗೆ ತೆಗೆದುಕೊಳ್ಳುತ್ತಿದ್ದ ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಹಾಗಾಗುತ್ತದೆ, ಫಿಟ್ಸಿಗೆ ಕೊಡುವ ಫೆನಿಟಾಯಿನ್‌ನಿಂದಲೂ ಆಗುತ್ತದೆ. ವೈದ್ಯರೊಂದಿಗೆ ಮಾತಾಡಿ ಮಾತ್ರೆ ಬದಲಿಸಿಕೊಂಡರು, ತಾವಾಗಿ ನಿಲ್ಲಿಸಲಿಲ್ಲ. ಅದನ್ನು ಇಲ್ಲಿ ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ವಸಡಿಗಾಗಿ ಬಿ.ಪಿ. ಮಾತ್ರೆ ಬಿಡುವುದು ಪ್ರಾಣಕ್ಕೆ ಕುತ್ತು.

ಅಮ್ಮನ ಸೆಟ್ಟು

ನನಗೆ ಹೆಚ್ಚು ನೋವು ಕೊಟ್ಟದ್ದು ಅಮ್ಮನ ಸಂಗತಿ. ಅಮ್ಮ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಹದಿನಾಲ್ಕು ವರ್ಷವಾಗಿತ್ತು. ನನ್ನ ಹೊಲಿಗೆ ಬಿಚ್ಚಿದ ದಿನ ಸಂಜೆ, ವರದಿಯನ್ನು ಅವಳಿಗೆ ಓದಿ ಹೇಳಿ ಮುಗಿಸಿದ ಮೇಲೆ, ಅಮ್ಮ ಸುಮ್ಮನೆ ಕೂತಿದ್ದಳು. ಆಮೇಲೆ, "ಹಾಗಾದ್ರೆ ನಂದೂ ಒಂದ್ಸಲ ನೋಡೇ" ಎಂದಳು. ಕೆಳಗಿನ ಸೆಟ್ಟನ್ನು ತೆಗೆದು ಲೋಟಕ್ಕೆ ಹಾಕಿದಳು. ಸೆಟ್ಟಿನ ಅಂಚಿನಲ್ಲಿ ಹತ್ತಿಯ ತೆಳ್ಳನೆಯ ಬತ್ತಿ ಇತ್ತು. ದೇವರ ದೀಪಕ್ಕೆ ಹೊಸೆಯುವಂಥದ್ದೇ. ಅಂಚು ಕೊರೆಯದಿರಲೆಂದು ಪ್ರತಿದಿನ ಹೊಸದೊಂದನ್ನು ಇಟ್ಟುಕೊಳ್ಳುತ್ತಿದ್ದಳಂತೆ, ಮೂರು ವರ್ಷದಿಂದ. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ, ತುಟಿಗೂ ವಸಡಿಗೂ ನಡುವಿನ ತೋಡಿನಲ್ಲಿ ಸೀರೆಯ ನೆರಿಗೆಯ ಹಾಗೆ ಎರಡು ಮಡಿಕೆ ಮಾಂಸ ಎದ್ದು ನಿಂತಿತ್ತು. ಎರಡು ಮಡಿಕೆಗಳ ನಡುವಿನ ಸೀಳಿನಲ್ಲಿ ಸೆಟ್ಟಿನ ಅಂಚು ಸರಿಯಾಗಿ ಕೂರುತ್ತಿತ್ತು. ಮೂರು ವರ್ಷ ಒಂದೇ ಮನೆಯಲ್ಲಿ, ಒಂದೇ ಊಟದ ಮಣೆಯ ಎದುರು ಕೂತು ನನಗೆ ಗೊತ್ತಾಗಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, "ಅಣ್ಣನ ಹಾಗೆ ಆಗಿದ್ರೆ ಅಂತ" ಎಂದಳು. ಅಣ್ಣ ಎಂದರೆ ನನ್ನ ಮಾವ.

ಅದೂ ನಾರುಗಂಟಿನ ಬಳಗದ್ದೇ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತ ಹೋಗುತ್ತದೆ, ಹಳೆಯ ಅಚ್ಚಿಗೆ ಮಾಡಿದ ಸೆಟ್ಟು ಸಡಿಲಾಗಿ ಕೆಳಗಿಳಿದು ಅದರ ಅಂಚು ತೋಡಿನ ಮೆತ್ತನೆಯ ಜಾಗಕ್ಕೆ ಒತ್ತುತ್ತದೆ. ಒತ್ತಿದಲ್ಲಿ ಮಾಂಸ ಬೆಳೆಯುತ್ತದೆ. ಅದಕ್ಕೆ ಎಪುಲಿಸ್ ಫಿಸ್ಸುರಾಟಮ್ ಎನ್ನುತ್ತಾರೆ. ಎಪುಲಿಸ್ ಎಂದರೆ ಗ್ರೀಕಿನಲ್ಲಿ ವಸಡಿನ ಮೇಲಿನದು ಎಂದಷ್ಟೇ ಅರ್ಥ. ಬೆಂಗಳೂರಿನ ಕೋಟೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಅಮ್ಮನನ್ನು ಕರೆದುಕೊಂಡು ಹೋದೆ. ಮೊದಲು ಸೆಟ್ಟಿನ ಅಂಚನ್ನು ತೇದು ಗಿಡ್ಡ ಮಾಡಿದರು, ಊಟದ ಹೊತ್ತು ಬಿಟ್ಟು ಉಳಿದ ವೇಳೆ ಹಾಕಬಾರದೆಂದರು. ಮೂರು ವಾರದಲ್ಲಿ ಊತದ ಪಾಲು ಇಳಿದು ಮಡಿಕೆ ಅರ್ಧವಾಯಿತು. ಗಟ್ಟಿ ನಾರಾಗಿದ್ದ ಉಳಿದರ್ಧವನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ವರದಿ ಬಂದ ಮೇಲೆ ಹೊಸ ಅಚ್ಚು ತೆಗೆದು ಹೊಸ ಸೆಟ್ಟು ಮಾಡಿದರು. ಎರಡು ವಾರ ದಾಟಿಯೂ ಹೋಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಯಾವುದೇ ಗಂಟು ಕಂಡರೂ ಬರಬೇಕು, ಮನೆಯಲ್ಲಿ ಹತ್ತಿ ಇಟ್ಟುಕೊಂಡು ಕೂರಬಾರದು ಎಂದು ಅಲ್ಲಿನ ಯುವ ವೈದ್ಯರು ಹೇಳಿದಾಗ ಅಮ್ಮ, ಶಾಲೆಯ ಹುಡುಗಿಯ ಹಾಗೆ, ಹೂಂ ಎಂದು ತಲೆಯಾಡಿಸಿದಳು.

ಈಗ ಅಮ್ಮ ಮಲಗುವ ಮೊದಲು ಸೆಟ್ಟನ್ನು ತೆಗೆದು ತೊಳೆದು ನೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿಡುತ್ತಾಳೆ. ತಿಂಗಳ ಮೊದಲ ಭಾನುವಾರ, ತಿಂಡಿಯಾದ ಮೇಲೆ, ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಬಾಯಿ ತೆರೆಯುತ್ತಾಳೆ. ನಾನು ಮೊಬೈಲಿನ ಟಾರ್ಚ್ ಹಿಡಿದು ತುಟಿ, ತೋಡು, ಕೆನ್ನೆ, ನಾಲಿಗೆಯ ಅಡಿ ಎಂದು ಆ ವೈದ್ಯೆ ನೋಡಿದ ಕ್ರಮದಲ್ಲೇ ನೋಡುತ್ತೇನೆ. ನೋಡಿ ಮುಗಿಸಿ "ಏನಿಲ್ಲಮ್ಮ" ಎಂದಾಗ ಅವಳು ತಕ್ಷಣ ಏಳುವುದಿಲ್ಲ. ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಕನ್ನಡಕ ಸರಿ ಮಾಡಿಕೊಂಡು, "ಈಗ ನೀನು ಕೂತ್ಕೋ, ಬಾಯಿ ತೆಗಿ" ಎನ್ನುತ್ತಾಳೆ.